ಗಾಯಗೊಂಡ ಕಲೆಗಾರನೂ ಮೇಳಧರ್ಮವೂ

1

ರಾಮನಗರ ತಾಲ್ಲೂಕಿನ ಕೈಲಾಂಚ ಹೋಬಳಿಯೇ ಮೊದಲಾದ ಬೆಟ್ಟಸೀಮೆಯ ಊರುಗಳಲ್ಲಿ ಹಬ್ಬ ಜಾತ್ರೆಗಳು ನಡೆಯುವಾಗ ದೇವರ ಮುಂದೆ ಪೂಜಾಕುಣಿತವೋ ಪಟದ ಕುಣಿತವೋ ತಮಟೆಯ ಮೇಳವೋ ಇರುವುದು ವಾಡಿಕೆ. ಈ ಕಲೆಗಳನ್ನು ಕುರಿತು ನಮ್ಮ ಜಾನಪದ ವಿದ್ವಾಂಸರು ಬರೆದಿರುವುದು ಸ್ವಲ್ಪವಲ್ಲ. ಯಾವ ಕುಣಿತ ಯಾವ ದೇವತೆಯ ಆರಾಧನೆಗೆ ಸೇರಿದ್ದು, ವೇಷಭೂಷಣಗಳು ಯಾವುವು, ವಾದ್ಯಗಳು ಎಷ್ಟು ಎಂಬ ವಿವರಗಳು ನಮಗೆ ದೊರೆತಿವೆ. ಎಚ್. ಎಲ್. ನಾಗೇಗೌಡರ ಪರಿಶ್ರಮದ ಫಲವಾಗಿ 1994ರಲ್ಲಿ ರಾಮನಗರದ ಬಳಿ ತೆರೆದ ಜಾನಪದ ಲೋಕದಲ್ಲಿ ಇಂಥ ವಾದ್ಯ ಪರಿಕರಗಳು ಸಂಗ್ರಹವಾಗಿ, ನೋಡುವವರಿಗೆ ಸುಲಭವಾಗಿ ಲಭ್ಯವಾಗಿವೆ. ವಾದ್ಯದ ವಿಷಯದಲ್ಲಿ ತೋರಿದ ಈ ಆಸ್ಥೆಯನ್ನು ವಾದಕನ ಭುಜ, ಮಣಿಕಟ್ಟು, ಮೊಣಕಾಲುಗಳ ವಿಷಯದಲ್ಲಿ ನಮ್ಮ ವಿಮರ್ಶೆ ತೋರಿದೆಯೇ ಎಂದು ಕೇಳಿಕೊಂಡರೆ ಉತ್ತರ ಸಮಾಧಾನಕರವಾಗಿಲ್ಲ.

ಆದರೆ ಈ ಕಲೆಗಳೆಲ್ಲ ದೇಹವನ್ನೇ ಬಂಡವಾಳವಾಗಿ ಉಳ್ಳವು. ಪಟವೆಂಬುದು ಹತ್ತು ಹದಿನೈದು ಅಡಿ ಉದ್ದದ ಬಿದಿರಗಳೆ. ಅದಕ್ಕೆ ಬಣ್ಣದ ಬಟ್ಟೆಯ ಅಲಂಕಾರ, ತುದಿಯಲ್ಲಿ ಲೋಹದ ಕೊಡೆ. ಕುಣಿಯುವವನು ಅದನ್ನು ಕೈಯಲ್ಲಿ ಹಿಡಿದು, ಅಂಗೈಯ ಮೇಲೆ ನಿಲ್ಲಿಸಿ, ಕೆಲವೊಮ್ಮೆ ಹಣೆಯ ಮೇಲೂ ತೂಗಿಸಿ, ತಾಳ ತಪ್ಪದೆ ಹೆಜ್ಜೆ ಹಾಕಬೇಕು. ಪೂಜಾಕುಣಿತದಲ್ಲಿ ದೇವಿಯ ಮುಖವನ್ನು ಅಳವಡಿಸಿದ ಚೌಕಟ್ಟು ತಲೆಯ ಮೇಲೆ ನಿಲ್ಲುತ್ತದೆ. ಅದರ ಭಾರವೆಲ್ಲ ಕೊರಳಿನ ಮೇಲೆ, ಬೆನ್ನಿನ ಮೇಲೆ. ತಮಟೆಯವನು ವಾದ್ಯವನ್ನು ಹೆಗಲಿಗೆ ಇಳಿಬಿಟ್ಟು ಎದೆಗೆ ಒತ್ತಿ ಹಿಡಿದು, ಸಾಮಾನ್ಯವಾಗಿ ಒಂದು ಕೈಯ ಗಿಡ್ಡ ಕೋಲಿನಿಂದ ಮುಖ್ಯ ಪೆಟ್ಟನ್ನೂ ಇನ್ನೊಂದು ಕೈಯ ತೆಳುವಾದ ಉದ್ದ ಕಡ್ಡಿಯಿಂದ ನಡುವಣ ಸಣ್ಣ ಪೆಟ್ಟುಗಳನ್ನೂ ಬಾರಿಸುತ್ತಾನೆ. ಮೆರವಣಿಗೆ ಎಷ್ಟು ಹೊತ್ತು ನಡೆಯುವುದೋ ಅಷ್ಟು ಹೊತ್ತೂ ಈ ದುಡಿಮೆ. ಹೀಗಿರುವಲ್ಲಿ ಉಳುಕು, ಮುರಿತ, ಸೆಳೆತಗಳು ಅಪೂರ್ವವಾದ ಸಂಗತಿಗಳಲ್ಲ.

ಕಲೆಗಾರನು ಗಾಯಗೊಂಡಿದ್ದಾನೆ, ಗಾಯ ಇನ್ನೂ ಮಾಗಿಲ್ಲ, ಆದರೂ ಮೇಳದೊಡನೆ ರಂಗಕ್ಕೆ ಬಂದಿದ್ದಾನೆ. ಆ ಪ್ರದರ್ಶನವನ್ನು ವಿಮರ್ಶಕನು ಯಾವ ಅಳತೆಗೋಲಿನಿಂದ ಅಳೆಯಬೇಕು? ಇದೇ ಈ ಲೇಖನದ ಪ್ರಶ್ನೆ. ರೂಢಿಯಲ್ಲಿ ಇದಕ್ಕೆ ಎರಡು ಉತ್ತರಗಳುಂಟು. ಗಾಯವನ್ನು ಕಾಣದವರಂತೆ ಇದ್ದು ಫಲವನ್ನು ಮಾತ್ರ ನೋಡುವುದು ಒಂದು. ಗಾಯವನ್ನೇ ಕಿರೀಟವಾಗಿ ತೊಡಿಸಿ ಕಲೆಗಾರನ ಛಲವನ್ನು ಕೊಂಡಾಡುವುದು ಇನ್ನೊಂದು. ಮೊದಲನೆಯದು ನಿರ್ದಯ, ಎರಡನೆಯದು ಸದಯವೆಂದು ಮೇಲುನೋಟಕ್ಕೆ ತೋರುತ್ತದೆ. ಎರಡೂ ವಿಮರ್ಶೆಯ ಕೆಲಸದಿಂದ ನುಣುಚಿಕೊಳ್ಳುವ ದಾರಿಗಳೆಂದೂ, ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಹಾನಿಕರವೆಂದೂ ನಾವು ತಿಳಿಯುತ್ತೇವೆ.

2

ಪ್ರಾಚೀನರಿಗೆ ಈ ಸಮಸ್ಯೆ ಅಪರಿಚಿತವಾಗಿರಲಿಲ್ಲ. ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ವಿಚಾರಿಸುವ ಅಧ್ಯಾಯವು ಸಿದ್ಧಿಗೆ ಒದಗುವ ಘಾತಗಳನ್ನೂ ಎಣಿಸುತ್ತದೆ: ದೈವದಿಂದ ಬರುವವು, ಪರರಿಂದ ಬರುವವು, ನಟನಿಂದಲೇ ಹುಟ್ಟುವವು ಎಂದು ಅವುಗಳಿಗೆ ವಿಭಾಗವುಂಟು. ಪ್ರಯೋಗವೆಂಬುದು ಗಾಳಿ ಬೆಂಕಿಗಳ ನಡುವೆ, ದಣಿಯುವ ದೇಹಗಳಿಂದ ನಡೆಯತಕ್ಕ ಕಾರ್ಯವೆಂಬ ಅರಿವು ಆ ಗ್ರಂಥಕ್ಕೆ ಚೆನ್ನಾಗಿತ್ತು.

ಇನ್ನೂ ಆಳವಾದ ವಿಚಾರ ಅಭಿನವಗುಪ್ತನ ರಸವಿಘ್ನಗಳ ಪ್ರಕರಣದಲ್ಲಿದೆ. ರಸಪ್ರತೀತಿಗೆ ಅಡ್ಡಬರುವ ಏಳು ವಿಘ್ನಗಳನ್ನು ಅವನು ಹೇಳುತ್ತಾನೆ. ಅವುಗಳಲ್ಲಿ ಎರಡು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿವೆ. ಕಾಣುತ್ತಿರುವ ಭಾವವನ್ನು ತನಗೋ ಇನ್ನೊಬ್ಬ ನಿರ್ದಿಷ್ಟ ವ್ಯಕ್ತಿಗೋ ಕಟ್ಟಿಹಾಕಿ ಪ್ರೇಕ್ಷಕನು ದೇಶಕಾಲಗಳಿಗೆ ಸಿಕ್ಕಿಬೀಳುವುದು ಒಂದು. ಅಪ್ರಧಾನವಾದುದು ಪ್ರಧಾನದ ಸ್ಥಾನವನ್ನು ಆಕ್ರಮಿಸುವುದು ಇನ್ನೊಂದು. ಕಾಲಿಗೆ ಪಟ್ಟಿ ಕಟ್ಟಿಕೊಂಡ ಕುಣಿತಗಾರನನ್ನು ಕಂಡಾಗ ನಡೆಯುವುದು ಇವೆರಡೇ. ‘ಪಾಪ, ಎಷ್ಟು ನೋಯುತ್ತಿದೆಯೋ’ ಎಂದುಕೊಳ್ಳುವ ಪ್ರೇಕ್ಷಕನ ಮನಸ್ಸು ಆ ಊರಿನ ಆ ಮನುಷ್ಯನಲ್ಲಿ ನೆಟ್ಟುಬಿಟ್ಟಿತು. ಸಾಧಾರಣೀಕರಣಕ್ಕೆ ಅಲ್ಲಿ ಎಡೆಯಿಲ್ಲ. ಆಮೇಲೆ ಅವನು ಎಷ್ಟೇ ಚಪ್ಪಾಳೆ ತಟ್ಟಲಿ, ಅದು ಸಹಾನುಭೂತಿಯ ಚಪ್ಪಾಳೆ, ರಸಾನುಭವದ್ದಲ್ಲ. ಸಹಾನುಭೂತಿ ಒಳ್ಳೆಯ ಗುಣವೇ ಸರಿ. ಆದರೆ ಕಲೆಯ ಬೆಲೆಯನ್ನು ಅದರಿಂದ ಕಟ್ಟಲಾಗದು.

ಈ ವಿಘ್ನಕ್ಕೆ ಪರಿಹಾರವನ್ನೂ ಅಭಿನವಗುಪ್ತನು ಸೂಚಿಸಿದ್ದಾನೆ. ಕಿರೀಟ ಮೊದಲಾದ ಆಹಾರ್ಯವು ನಟನ ಸ್ವಂತ ವ್ಯಕ್ತಿತ್ವವನ್ನು ಮರೆಸುವುದೇ ಆ ಪರಿಹಾರ. ಗಾಯವು ರಂಗದ ಮೇಲೆ ಕಾಣಿಸಿಕೊಂಡರೂ ಅದನ್ನು ನಾಟ್ಯಧರ್ಮಕ್ಕೆ ಒಳಪಡಿಸುವುದು ಸಾಧ್ಯವೆಂಬ ತತ್ತ್ವ ಇದರಲ್ಲಿ ಅಡಗಿದೆ. ಇದರ ಆಧಾರದಿಂದ ರಂಗದ ಮೇಲಣ ಗಾಯಕ್ಕೆ ನಾವು ಮೂರು ಅವಸ್ಥೆಗಳನ್ನು ಗುರುತಿಸಬಹುದು. ಅದು ಬರಿಯ ವಾರ್ತೆಯಾಗಿ ಉಳಿಯಬಹುದು, ರಂಗದ ಪರಿಕರವಾಗಬಹುದು, ಕಟ್ಟಕಡೆಗೆ ಶೈಲಿಯೇ ಆಗಿಬಿಡಬಹುದು. ಯಾವ ಪ್ರದರ್ಶನ ಯಾವ ಅವಸ್ಥೆಯನ್ನು ಮುಟ್ಟಿತು ಎಂಬುದನ್ನು ನಿರ್ಣಯಿಸುವುದೇ ವಿಮರ್ಶಕನ ಕೆಲಸ.

3

ತಮಟೆಯವನ ತೋಳಿನ ಕಥೆಯನ್ನು ಬರೆದಿಡುವವರು ವಿರಳ. ಆದಕಾರಣ ದಾಖಲೆಗಳು ಸಮೃದ್ಧವಾಗಿರುವ ಪಾಶ್ಚಾತ್ಯ ವಾದ್ಯಮೇಳಗಳ ನಿದರ್ಶನಗಳನ್ನು ಮೊದಲು ನೋಡಿ, ಬಳಿಕ ನಮ್ಮ ನಾಡಿಗೆ ಬರೋಣ.

2015ರ ಜೂನ್ 12ರಂದು ಸ್ವೀಡನ್ ದೇಶದ ಗೋಥೆನ್‌ಬರ್ಗ್ ನಗರದಲ್ಲಿ ಫೂ ಫೈಟರ್ಸ್ ಎಂಬ ಅಮೆರಿಕದ ಬ್ಯಾಂಡಿನ ಕಛೇರಿ. ಎರಡನೆಯ ಹಾಡು ನಡೆಯುತ್ತಿರುವಾಗ ಮುಖ್ಯ ಗಾಯಕ ಡೇವ್ ಗ್ರೋಲ್ ವೇದಿಕೆಯಿಂದ ಕೆಳಕ್ಕೆ ಬಿದ್ದು ಕಾಲು ಮುರಿದುಕೊಂಡನು. ಅವನಿಗೆ ಉಪಚಾರ ನಡೆಯುತ್ತಿದ್ದಷ್ಟು ಕಾಲ ಡ್ರಮ್ ವಾದಕ ಟೇಲರ್ ಹಾಕಿನ್ಸನೂ ಉಳಿದವರೂ ಬೇರೆ ಹಾಡುಗಳನ್ನು ಹಾಡಿ ಸಭೆಯನ್ನು ಹಿಡಿದಿಟ್ಟರು. ಗ್ರೋಲ್ ಮರಳಿ ಬಂದು ಕುರ್ಚಿಯಲ್ಲಿ ಕುಳಿತು, ವೈದ್ಯಸಹಾಯಕನೊಬ್ಬನು ಕಾಲನ್ನು ಹಿಡಿದಿರಲು, ಕಛೇರಿಯನ್ನು ಮುಗಿಸಿದನು. ಲೋಕದ ಪತ್ರಿಕೆಗಳೆಲ್ಲ ಈ ಸಾಹಸವನ್ನು ಹೊಗಳಿದವು. ಆದರೆ ಆ ರಾತ್ರಿಯ ಗಾಯ ನಮ್ಮ ವಿಭಾಗದ ಮೊದಲನೆಯ ಅವಸ್ಥೆಗೆ ಸೇರಿದ್ದು: ಅದು ವಾರ್ತೆ. ಅಂದಿನ ಸಭೆಯ ನೆನಪಿನಲ್ಲಿ ಉಳಿದದ್ದು ಹಾಡಿಗಿಂತ ಹೆಚ್ಚಾಗಿ ಕಾಲು.

ಅನಂತರದ ಸಂಗತಿ ವಿಮರ್ಶಕನಿಗೆ ಹೆಚ್ಚು ಮುಖ್ಯವಾದುದು. ಗ್ರೋಲನಿಗೆ ಶಸ್ತ್ರಚಿಕಿತ್ಸೆಯಾಯಿತು; ಯೂರೋಪಿನ ಉಳಿದ ಕಛೇರಿಗಳು ರದ್ದಾದವು. ಜುಲೈ 4ರಂದು ವಾಷಿಂಗ್‌ಟನ್ನಿನಲ್ಲಿ ಅವನು ಮತ್ತೆ ಸಭೆಗೆ ಬಂದಾಗ ಗಿಟಾರಿನ ಕತ್ತುಗಳಿಂದಲೂ ದೀಪಗಳಿಂದಲೂ ಸಿಂಗರಿಸಿದ ಒಂದು ದೊಡ್ಡ ಸಿಂಹಾಸನದಲ್ಲಿ ಕುಳಿತಿದ್ದನು. ಕುಳಿತೇ ಹಾಡಬೇಕಾದ ನಿರ್ಬಂಧವು ಇಲ್ಲಿ ಆಹಾರ್ಯವಾಗಿ ಮಾರ್ಪಟ್ಟಿತು. ಪ್ರೇಕ್ಷಕರು ನೋವನ್ನು ಮರೆತು ವಿನೋದವನ್ನು ಕಂಡರು. ಆ ಸಿಂಹಾಸನ ವ್ಯಕ್ತಿಯ ಕಷ್ಟವನ್ನು ದಾಟಿ ಪರಿಕರವಾಗಿತ್ತೆಂಬುದಕ್ಕೆ ಪ್ರಮಾಣ ಬೇರೆ ಬೇಡ: ಮುಂದಿನ ವರುಷ, 2016ರಲ್ಲಿ, ಆಕ್ಸಲ್ ರೋಸ್ ಎಂಬ ಇನ್ನೊಬ್ಬ ಗಾಯಕನು ಪಾದ ಮುರಿದುಕೊಂಡಾಗ ಅದನ್ನೇ ಎರವಲು ಪಡೆದು ಅದರಲ್ಲಿ ಕುಳಿತು ಹಾಡಿದನು.

ಮೂರನೆಯ ಅವಸ್ಥೆಗೆ ಪ್ರಸಿದ್ಧ ಉದಾಹರಣೆ ಜ್ಯಾಂಗೋ ರೈನ್‌ಹಾರ್ಟನದು. 1928ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಅವನ ವಾಸದ ಬಂಡಿಗೆ ಬೆಂಕಿ ಹತ್ತಿ ಎಡಗೈಯ ಉಂಗುರಬೆರಳೂ ಕಿರುಬೆರಳೂ ಬಹುಮಟ್ಟಿಗೆ ನಿರುಪಯುಕ್ತವಾದವು. ದೀರ್ಘಕಾಲದ ಚೇತರಿಕೆಯ ಬಳಿಕ ಉಳಿದೆರಡು ಬೆರಳುಗಳಿಂದಲೇ ಗಿಟಾರಿನ ಸ್ವರಪ್ರಸ್ತಾರವನ್ನು ಅವನು ಹೊಸದಾಗಿ ಕಟ್ಟಿಕೊಂಡನು. 1934ರಲ್ಲಿ ಸ್ಟೆಫಾನ್ ಗ್ರಾಪೆಲಿಯ ಪಿಟೀಲಿನೊಡನೆ ರೂಪುಗೊಂಡ ಪ್ಯಾರಿಸ್ಸಿನ ಐವರ ಮೇಳದಲ್ಲಿ ಲಯವನ್ನು ತುಂಬಲು ಬೇರೆ ಇಬ್ಬರು ಗಿಟಾರ್ ವಾದಕರಿದ್ದರೆಂಬುದನ್ನು ಮರೆಯಬಾರದು. ಹಿನ್ನೆಲೆಯ ಭಾರವನ್ನು ಅವರು ಹೊತ್ತದ್ದರಿಂದ ಅವನ ಎರಡು ಬೆರಳುಗಳಿಗೆ ಮುನ್ನೆಲೆಯ ಸ್ವಾತಂತ್ರ್ಯ ದೊರೆಯಿತು.

4

ಕೊನೆಯ ಮಾತಿನಿಂದ ನಮ್ಮ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇವೆ. ಗಾಯದ ಕಥೆಯನ್ನು ಸಾಮಾನ್ಯವಾಗಿ ಒಬ್ಬ ವೀರನ ಕಥೆಯಾಗಿ ಹೇಳುತ್ತಾರೆ. ಮೇಳದ ಕಲೆಯಲ್ಲಿ ಇದು ಅರ್ಧಸತ್ಯ. ಅಲ್ಲಿ ಗಾಯ ಒಬ್ಬನದಾದರೂ ಅದನ್ನು ಹೊರುವವರು ಹಲವರು.

ಇಂಗ್ಲೆಂಡಿನ ಡೆಫ್ ಲೆಪರ್ಡ್ ಎಂಬ ಬ್ಯಾಂಡಿನ ಡ್ರಮ್ ವಾದಕ ರಿಕ್ ಅಲೆನ್ 1984ರ ಡಿಸೆಂಬರ್ 31ರಂದು ಕಾರಿನ ಅಪಘಾತದಲ್ಲಿ ಎಡತೋಳನ್ನು ಕಳೆದುಕೊಂಡನು. ಡ್ರಮ್ ವಾದಕನಿಗೆ ಒದಗಬಹುದಾದ ನಷ್ಟಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದು? ಮೇಳದವರು ಬೇರೊಬ್ಬನನ್ನು ನೇಮಿಸಿಕೊಳ್ಳಲಿಲ್ಲ, ಕಾದರು. ಎಡಗೈ ಬಾರಿಸುತ್ತಿದ್ದ ಪೆಟ್ಟುಗಳನ್ನು ಎಡಗಾಲು ನುಡಿಸುವಂತೆ ಪೆಡಲುಗಳುಳ್ಳ ವಿದ್ಯುನ್ಮಾನ ವಾದ್ಯವೊಂದನ್ನು ಅವನಿಗಾಗಿ ಸಿದ್ಧಪಡಿಸಲಾಯಿತು. 1986ರಲ್ಲಿ ಸಭೆಗೆ ಮರಳುವ ಮೊದಲ ಹೆಜ್ಜೆಯಲ್ಲಿ ಜೆಫ್ ರಿಚ್ ಎಂಬ ಎರಡನೆಯ ವಾದಕನು ಜೊತೆಗೆ ಕುಳಿತು ನುಡಿಸಿದನು. ಒಂದು ದಿನ ಆತನು ಸಮಯಕ್ಕೆ ಬಾರದಿದ್ದಾಗ ಅಲೆನ್ ಒಬ್ಬನೇ ನುಡಿಸಿ, ಇನ್ನು ಆಸರೆ ಬೇಡವೆಂಬುದು ಗೊತ್ತಾಯಿತು. ಅದೇ ವರುಷ ಆಗಸ್ಟ್ 16ರಂದು ಡಾನಿಂಗ್‌ಟನ್ನಿನ ಮಹಾಸಭೆಯಲ್ಲಿ ಅವನು ಮೇಳದೊಡನೆ ನುಡಿಸಿದನು.

ಇಲ್ಲಿ ಗಮನಿಸಬೇಕಾದ ಕ್ರಮ ಹೀಗಿದೆ: ಮೊದಲು ಕಾಲಾವಕಾಶ, ಆಮೇಲೆ ವಾದ್ಯದ ಮಾರ್ಪಾಟು, ಆಮೇಲೆ ಜೊತೆಗಾರ, ಕಡೆಗೆ ಒಂಟಿವಾದನ. ಈ ನಾಲ್ಕರಲ್ಲಿ ಮೊದಲ ಮೂರೂ ಮೇಳ ಕೊಟ್ಟವು. ಅಲೆನನ ಧೈರ್ಯವನ್ನು ನಾವು ಕಡಿಮೆ ಮಾಡುತ್ತಿಲ್ಲ. ಧೈರ್ಯವೊಂದರಿಂದಲೇ ಈ ಫಲ ಬರುತ್ತಿರಲಿಲ್ಲವೆಂದು ಮಾತ್ರ ಹೇಳುತ್ತೇವೆ. ಹೀಗೆ ಒಬ್ಬನ ಕುಂದನ್ನು ಎಲ್ಲರ ಹೊಂದಾಣಿಕೆಯಿಂದ ಕಲೆಯೊಳಕ್ಕೆ ಅರಗಿಸಿಕೊಳ್ಳುವ ನಡೆಯನ್ನು ಮೇಳಧರ್ಮವೆಂದು ಕರೆಯಬಹುದು.

5

ಕನ್ನಡ ನಾಡಿನಲ್ಲಿ ಹುಟ್ಟಿದ ಮಹಾಗಾಯಕರೊಬ್ಬರ ನಿದರ್ಶನ ನಮ್ಮ ವಿಚಾರಕ್ಕೆ ಇನ್ನೊಂದು ಮುಖವನ್ನು ಒದಗಿಸುತ್ತದೆ. ಅದು ಗಾಯದ್ದಲ್ಲ, ರೋಗದ್ದು. ಆದರೆ ಚೇತರಿಕೆಯ ಸಮಸ್ಯೆ ಎರಡರಲ್ಲಿಯೂ ಒಂದೇ. ಕುಮಾರ ಗಂಧರ್ವರೆಂದು ಬಾಲ್ಯದಲ್ಲಿಯೇ ಬಿರುದು ಪಡೆದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರು 1924ರ ಏಪ್ರಿಲ್ 8ರಂದು ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ ಜನಿಸಿದರು. ಮುಂಬಯಿಯಲ್ಲಿ ಬಿ. ಆರ್. ದೇವಧರರಲ್ಲಿ ಕಲಿತು ಹೆಸರು ಗಳಿಸಿದ ಅವರಿಗೆ ಕ್ಷಯರೋಗ ತಗುಲಿತು. ಹವೆ ಬದಲಾವಣೆಗೆಂದು 1948ರಲ್ಲಿ ಮಾಳವದ ದೇವಾಸಿಗೆ ಹೋಗಿ ನೆಲಸಿದರು. ಹಾಡಲೇಬಾರದೆಂದು ವೈದ್ಯರ ಕಟ್ಟಪ್ಪಣೆ. ಕೆಲವು ವರುಷಗಳ ಮೌನದ ಬಳಿಕ, 1950ರ ದಶಕದ ಮೊದಲ ಭಾಗದಲ್ಲಿ, ಹಾನಿಗೊಂಡ ಶ್ವಾಸಕೋಶವನ್ನು ಇಟ್ಟುಕೊಂಡೇ ಅವರು ಸಭೆಗೆ ಮರಳಿದರು.

ಮರಳಿದ ಗಾಯನ ಹೋದ ಗಾಯನವಾಗಿರಲಿಲ್ಲ. ದೀರ್ಘವಾದ ಉಸಿರಿನ ವಿಸ್ತಾರಕ್ಕೆ ಬದಲಾಗಿ ಚಿಕ್ಕ ಚಿಕ್ಕ ಸ್ವರಗುಚ್ಛಗಳು, ನಡುನಡುವೆ ಅರ್ಥಪೂರ್ಣವಾದ ವಿರಾಮಗಳು, ತಾರಸ್ಥಾಯಿಯಲ್ಲಿ ಥಟ್ಟನೆ ಹೊಮ್ಮುವ ಧ್ವನಿ. ಹಾಸಿಗೆಯಲ್ಲಿದ್ದ ಕಾಲದಲ್ಲಿ ಅವರ ಕಿವಿಗೆ ಬಿದ್ದದ್ದು ಮಾಳವದ ಜನಪದ ಗೀತೆಗಳು. ಆ ಧಾಟಿಗಳ ಅಧ್ಯಯನದಿಂದ ಹೊಸ ರಾಗಗಳೇ ಹುಟ್ಟಿದವು. 1965ರಲ್ಲಿ ಪ್ರಕಟವಾದ ‘ಅನೂಪರಾಗವಿಲಾಸ’ದಲ್ಲಿ ಅವರ ರಚನೆಗಳು ಸಂಗ್ರಹವಾಗಿವೆ.

ಇಲ್ಲಿ ಒಂದು ಆಕ್ಷೇಪ ಹುಟ್ಟುತ್ತದೆ. ಆ ಶೈಲಿ ರೋಗದ ಫಲವೆಂದರೆ ಕಲೆಗಾರನ ಪ್ರತಿಭೆಗೆ ಅಪಚಾರವಾಗದೆ? ಉಸಿರು ಸಾಲದೆ ನಿಂತದ್ದನ್ನು ನಾವು ವಿರಾಮವೆಂದು ಹೊಗಳುತ್ತಿದ್ದೇವೆಯೋ? ಆಕ್ಷೇಪ ಉಚಿತವಾದುದು, ಉತ್ತರವೂ ಕಠಿನವಲ್ಲ. ಕಾರಣ ಬೇರೆ, ಬೆಲೆ ಬೇರೆ. ರೋಗವು ಒಂದು ಎಲ್ಲೆಯನ್ನು ಹಾಕಿತು. ಆ ಎಲ್ಲೆಯೊಳಗೆ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂಬ ಆಯ್ಕೆ ಕಲೆಗಾರನದು. ಕ್ಷಯದಿಂದ ಗುಣವಾದ ಗಾಯಕರೆಲ್ಲ ಕುಮಾರ ಗಂಧರ್ವರಾಗಲಿಲ್ಲ. ವಿರಾಮವು ಉಸಿರಿನ ಸೋಲೋ ರಾಗದ ಬೇಡಿಕೆಯೋ ಎಂಬುದನ್ನು ಕೇಳಿಯೇ ತಿಳಿಯಬಹುದು: ಆ ಸ್ಥಳದಲ್ಲಿ ಸ್ವರವಿದ್ದಿದ್ದರೆ ಹೆಚ್ಚು ಚೆನ್ನಾಗಿತ್ತೆಂದು ಕೇಳುವವನಿಗೆ ಅನಿಸದಿದ್ದರೆ ಅದು ಶೈಲಿ. ಕ್ಷೇಮೇಂದ್ರನು ಹೇಳಿದ ಔಚಿತ್ಯದ ಪರೀಕ್ಷೆ ಇದೇ ಅಲ್ಲವೆ? ಅಂಗವು ತನ್ನ ಸ್ಥಾನದಲ್ಲಿ ಒಪ್ಪಿದೆಯೇ ಎಂದು ನೋಡಬೇಕು. ಅಲ್ಲಿಗೆ ಅದು ಹೇಗೆ ಬಂತೆಂಬುದು ಚರಿತ್ರೆಯ ವಿಷಯ.

ಇನ್ನೂ ಒಂದು ಅಂಶ. ಆ ಮರಳುವಿಕೆಗೆ ವರುಷಗಳು ಹಿಡಿದವು. ಆ ಕಾಲದ ಶುಶ್ರೂಷೆಯಲ್ಲಿ ಪತ್ನಿ ಭಾನುಮತಿಯವರ ಪಾತ್ರ ದೊಡ್ಡದು. ಮುಂದೆ ವಸುಂಧರಾ ಕೊಂಕಾಳಿಯವರ ಸಹಗಾಯನ ಅವರ ಕಛೇರಿಗಳಲ್ಲಿ ಜೊತೆಗೂಡಿತು. ಒಬ್ಬರ ಗಾಯನವೆಂದು ನಾವು ಕೇಳುವುದರ ಹಿಂದೆಯೂ ಒಂದು ಸಣ್ಣ ಮೇಳವಿರುತ್ತದೆ.

6

ಈಗ ನಮ್ಮ ಬೆಟ್ಟಸೀಮೆಗೆ ಹಿಂದಿರುಗೋಣ. ಪಟ ಹೊರುವವನ ಕಾಲು ಉಳುಕಿದೆ, ಹಬ್ಬ ನಾಳೆಯೇ ಇದೆ ಎಂದಿಟ್ಟುಕೊಳ್ಳೋಣ. ಮೇಳಧರ್ಮ ಬಲ್ಲ ತಂಡಕ್ಕೆ ಇದಕ್ಕೆ ದಾರಿಗಳಿವೆ. ಪಟವನ್ನು ಇನ್ನೊಬ್ಬನು ಹೊತ್ತು, ಗಾಯಗೊಂಡವನು ತಾಳಕ್ಕೆ ನಿಲ್ಲಬಹುದು. ತಮಟೆಯವರು ಲಯವನ್ನು ಒಂದು ಮಟ್ಟ ಇಳಿಸಬಹುದು. ಬಿರುಸಿನ ಗತಿಯನ್ನು ಕುಣಿತದಿಂದ ತೆಗೆದು ವಾದ್ಯಕ್ಕೇ ಬಿಟ್ಟುಕೊಡಬಹುದು. ತಮಟೆಯವನದೇ ಎಡ ಮಣಿಕಟ್ಟು ನೊಂದಿದ್ದರೆ ಅವನು ಮುಖ್ಯ ಪೆಟ್ಟನ್ನು ಮಾತ್ರ ಹಿಡಿದು, ತೆಳುಕಡ್ಡಿಯ ತುಂಬುಪೆಟ್ಟುಗಳನ್ನು ಪಕ್ಕದವನು ನುಡಿಸಬಹುದು. ಚರ್ಮದ ತಮಟೆಯನ್ನು ಬೆಂಕಿಗೆ ಹಿಡಿದು ಶ್ರುತಿಗೇರಿಸುವ ಹೊತ್ತು ಹೇಗೂ ಬಿಡುವಿನ ಹೊತ್ತು. ಅದನ್ನು ಸ್ವಲ್ಪ ಲಂಬಿಸಿದರೆ ರಸಕ್ಕೆ ಭಂಗವಿಲ್ಲ. ಸಂಪ್ರದಾಯದಲ್ಲಿಯೇ ಇಂಥ ಸಡಿಲಿಕೆಗೆ ಎಡೆಯುಂಟು. ಏಕೆಂದರೆ ಈ ಕಲೆಗಳು ಒಬ್ಬನ ಕೌಶಲವನ್ನು ನಂಬಿ ನಿಂತವಲ್ಲ.

ಆದರೆ ಪಾಶ್ಚಾತ್ಯ ನಿದರ್ಶನಗಳಿಗೂ ನಮ್ಮ ಊರಿನ ಸ್ಥಿತಿಗೂ ಒಂದು ಭೇದವಿದೆ. ಅದನ್ನು ಮರೆತರೆ ನಮ್ಮ ವಿಚಾರವೆಲ್ಲ ವ್ಯರ್ಥ. ಗ್ರೋಲನಿಗೆ ಕಛೇರಿಗಳನ್ನು ರದ್ದುಮಾಡುವ ಶಕ್ತಿಯಿತ್ತು, ರದ್ದು ಮಾಡಿದನು. ಅಲೆನನಿಗೆ ಕಾಯುವ ಮೇಳವಿತ್ತು. ದಿನದ ಕೂಲಿಯ ಮೇಲೆ ನಿಂತ ತಮಟೆಯವನಿಗೆ ಬಾರಿಸದ ದಿನ ಸಂಪಾದನೆಯಿಲ್ಲದ ದಿನ. ಅಷ್ಟೇ ಅಲ್ಲ, ನಮ್ಮ ಹಳ್ಳಿಗಳಲ್ಲಿ ಬಹುಕಾಲ ತಮಟೆ ಬಾರಿಸುವುದು ದಲಿತ ಸಮುದಾಯಗಳ ಮೇಲೆ ಹೊರಿಸಿದ ಕಟ್ಟುಪಾಡಾಗಿತ್ತು. ಕರೆದಾಗ ಬರಲಾರೆನೆನ್ನುವ ಅಧಿಕಾರ ವಾದಕನಿಗೆ ಇರಲಿಲ್ಲ. 1970ರ ದಶಕದಿಂದ ಈಚೆಗೆ ಬೆಳೆದ ದಲಿತ ಚಳುವಳಿಯ ಕಾಲದಲ್ಲಿ ತಮಟೆಗೆ ಎರಡು ಬಗೆಯ ಹೊಸ ಅರ್ಥ ಬಂದಿತು: ಅದನ್ನು ಬಾರಿಸೆವೆಂದು ನಿರಾಕರಿಸಿದವರೂ ಉಂಟು, ಅದನ್ನೇ ಸ್ವಾಭಿಮಾನದ ವಾದ್ಯವಾಗಿ ಎತ್ತಿಕೊಂಡವರೂ ಉಂಟು. ಎರಡರಲ್ಲಿಯೂ ಬೇಡಿಕೆ ಒಂದೇ: ಬಾರಿಸುವುದೂ ಬಿಡುವುದೂ ವಾದಕನ ಇಚ್ಛೆಗೆ ಸೇರಿರಬೇಕು.

ಈ ಬೆಳಕಿನಲ್ಲಿ ನೋಡಿದರೆ, ಗಾಯಗೊಂಡೂ ಬಾರಿಸಿದವನನ್ನು ಛಲಗಾರನೆಂದು ಕೊಂಡಾಡುವ ಮುನ್ನ ಒಂದು ಪ್ರಶ್ನೆ ಕೇಳಬೇಕು: ಇಲ್ಲವೆನ್ನುವ ಸ್ವಾತಂತ್ರ್ಯ ಅವನಿಗಿತ್ತೇ? ಇದ್ದರೆ ಅವನ ಬರುವಿಕೆ ಆಯ್ಕೆ. ಅದರಲ್ಲಿ ಧೈರ್ಯವನ್ನು ಕಾಣಬಹುದು. ಇಲ್ಲದಿದ್ದರೆ ಅದು ನಿರ್ಬಂಧ. ನಿರ್ಬಂಧವನ್ನು ಹೊಗಳುವುದು ಅದನ್ನು ಬಲಪಡಿಸಿದಂತೆ. ವಿಮರ್ಶಕನ ಮಾತಿಗೆ ಅಷ್ಟು ಬಲವೆಲ್ಲಿಯದೆಂದು ಕೆಲವರು ಕೇಳಬಹುದು. ಯುವಜನೋತ್ಸವಗಳಲ್ಲಿಯೂ ಜಾನಪದ ಸ್ಪರ್ಧೆಗಳಲ್ಲಿಯೂ ತೀರ್ಪುಗಾರರಾಗಿ ಕೂರುವವರಲ್ಲಿ ಕಾಲೇಜಿನ ಅಧ್ಯಾಪಕರು ಹಲವರು. ನೋಯುವ ಕಾಲಿನಲ್ಲಿ ಕುಣಿದವನಿಗೆ ಹೆಚ್ಚಿನ ಅಂಕ ಸಿಕ್ಕಿತೆಂದಾದರೆ ಮುಂದಿನ ವರುಷ ಕಾಲು ನೋಯುವ ಹುಡುಗ ವಿಶ್ರಾಂತಿ ತೆಗೆದುಕೊಳ್ಳುವನೇ? ಒಂದು ಉಳುಕು ವಾರಗಳಲ್ಲಿ ಮಾಗಬಹುದು; ಮಾಗದ ಕಾಲಿನ ಮೇಲೆ ಕುಣಿದರೆ ಜೀವಮಾನದ ಕುಂದಾಗಬಹುದು. ಹೊಗಳಿಕೆಯ ಬೆಲೆಯನ್ನು ತೆರುವವನು ಹೊಗಳಿದವನಲ್ಲ.

ಯಕ್ಷಗಾನದ ಹಿರಿಯ ಕಲಾವಿದರಾದ ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿ 3ರಂದು, ಇಡಗುಂಜಿಯಲ್ಲಿ ವೇಷ ತೊಟ್ಟು ರಂಗದಲ್ಲಿದ್ದಾಗಲೇ ಅಸ್ವಸ್ಥರಾಗಿ ನಿಧನರಾದರು. ಅಂಥ ಮರಣವನ್ನು ಧನ್ಯವೆಂದು ಕರೆಯುವುದು ನಮ್ಮ ಜನದ ವಾಡಿಕೆ. ಆ ಗೌರವ ಅವರಿಗೆ ಸಲ್ಲತಕ್ಕದ್ದೇ. ಆದರೆ ತನ್ನ ಮೇಳವನ್ನು ತಾನೇ ನಡೆಸಿದ ಕಲೆಗಾರನು ತನ್ನ ಜೀವನವನ್ನು ಕುರಿತು ಹೇಳಿಕೊಳ್ಳಬಹುದಾದ ಆ ಮಾತನ್ನು, ಕರೆಸುವವರು ಕರೆಸಿಕೊಂಡವನ ಮೇಲೆ ಹೇರತಕ್ಕದ್ದಲ್ಲ.

7

ಕ್ಷೇತ್ರಕಾರ್ಯಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳು ಇನ್ನು ಮುಂದೆ ಟಿಪ್ಪಣಿಯಲ್ಲಿ ನಾಲ್ಕು ಅಂಶಗಳನ್ನು ಸೇರಿಸಿಕೊಂಡರೆ ಒಳ್ಳೆಯದು. ಗಾಯಗೊಂಡವನು ಬಿಟ್ಟ ಭಾರವನ್ನು ಮೇಳದಲ್ಲಿ ಯಾರು ಹೊತ್ತರು? ಅದರಿಂದ ಲಯದಲ್ಲಿ, ಹೆಜ್ಜೆಯಲ್ಲಿ, ವಾದ್ಯದಲ್ಲಿ ಯಾವ ಮಾರ್ಪಾಟಾಯಿತು? ಗಾಯ ಮಾಗಿದ ಮೇಲೂ ಆ ಮಾರ್ಪಾಟು ಉಳಿಯಿತೇ, ಹಳೆಯದೇ ಮರಳಿತೇ? ಬಾರದೆ ಇದ್ದಿದ್ದರೆ ಅವನಿಗೆ ಏನಾಗುತ್ತಿತ್ತು? ಮೊದಲ ಮೂರು ಪ್ರಶ್ನೆಗಳಿಂದ ಕಲೆ ಹೇಗೆ ಬದಲಾಗುತ್ತದೆಂಬುದು ತಿಳಿಯುತ್ತದೆ; ಉಳಿದ ಮಾರ್ಪಾಟುಗಳಲ್ಲಿ ಕೆಲವು ಮುಂದಿನ ತಲೆಮಾರಿಗೆ ಸಂಪ್ರದಾಯವೆಂದೇ ತೋರಬಹುದು. ನಾಲ್ಕನೆಯದರಿಂದ ನಾವು ಬಳಸುವ ಹೊಗಳಿಕೆಯ ಮಾತು ನ್ಯಾಯವಾದುದೇ ಎಂಬುದು ತಿಳಿಯುತ್ತದೆ.

ಗಾಯವನ್ನು ಕಾಣದವರಂತೆ ನಟಿಸುವ ವಿಮರ್ಶೆ ಕಲೆಯ ಅರ್ಧವನ್ನು ಬಿಡುತ್ತದೆ. ಗಾಯವನ್ನು ಪೂಜಿಸುವ ವಿಮರ್ಶೆ ಕಲೆಯನ್ನೇ ಬಿಡುತ್ತದೆ. ಕೈಲಾಂಚ ಸೀಮೆಯ ಒಂದು ತಮಟೆಯ ಮೇಳದಲ್ಲಿ ಒಬ್ಬನ ಕೈ ತಗ್ಗಿದಾಗ ಪಕ್ಕದವನ ಕೈ ಏರಿದರೆ, ದೂರದಲ್ಲಿ ಕೇಳುವವನಿಗೆ ಲಯದಲ್ಲಿ ಲೋಪ ತೋರದು. ಆ ಲೋಪ ತೋರದಿರುವುದೇ ಸಿದ್ಧಿ. ಹತ್ತಿರ ಹೋಗಿ, ಯಾರ ಕೈ ತಗ್ಗಿತು, ಯಾರ ಕೈ ಏರಿತು ಎಂದು ನೋಡಿ ಬರೆಯುವುದು ನಮ್ಮ ಕೆಲಸ.